ಮಡಿಲು ಸಾಲದು: ಹಸುಗೂಸಿನ ಮೊದಲ ಕಾರು ಪ್ರಯಾಣದ ಬಗ್ಗೆ ಇಬ್ಬರು ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಸಾರಿಗೆ ಸಚಿವರಿಗೆ ಹಾಗೂ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮಾನ್ಯರೇ,

ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು ನಾನು. ತಾಯಿ ಮಗು ಮನೆಗೆ ಹೊರಡುವ ದಿನ ವಾರ್ಡಿನಲ್ಲಿ ಒಂದು ಸಂಭ್ರಮ ಇರುತ್ತದೆ. ಚೀಲ, ಫ್ಲಾಸ್ಕು, ಫೈಲು ಎಲ್ಲವೂ ಮೊದಲೇ ಕಾರಿಗೆ ಹೋಗಿರುತ್ತವೆ. ಮಗುವನ್ನು ಮೆತ್ತಗಿನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಕುಲಾವಿ ಕಟ್ಟಿ, ಮುಂಬಾಗಿಲವರೆಗೆ ನಾನೇ ಎತ್ತಿಕೊಂಡು ಬರುತ್ತಿದ್ದೆ. ಕಾರಿನಲ್ಲಿ ಕುಳಿತ ಅಜ್ಜಿ ಸೆರಗು ಹರವಿ ಎರಡೂ ಕೈ ಚಾಚುತ್ತಿದ್ದರು. ಆ ಮಡಿಲಿಗೆ ಮಗುವನ್ನು ಇಡುವಾಗ ನಾನು ತಪ್ಪದೆ ಹೇಳುತ್ತಿದ್ದ ಮಾತು ಒಂದೇ: "ಕುತ್ತಿಗೆ ಜೋಪಾನ, ಅಮ್ಮ."

ಈಗ ಆ ಮಾತು ನೆನಪಾದರೆ ಎದೆ ಭಾರವಾಗುತ್ತದೆ. ಕುತ್ತಿಗೆ ಜೋಪಾನ ಎಂದು ಹೇಳಿ, ಆ ಕುತ್ತಿಗೆಗೆ ಯಾವ ಆಸರೆಯೂ ಇಲ್ಲದ ಜಾಗದಲ್ಲಿ ಮಗುವನ್ನು ಬಿಟ್ಟು, ನನ್ನ ಕೈಯಾರೆ ಕಾರಿನ ಬಾಗಿಲು ಹಾಕುತ್ತಿದ್ದೆ. ಇದು ಒಂದು ದಿನದ ಮಾತಲ್ಲ, ಸಾವಿರಾರು ಸಲ. ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತರಬೇತಿಯಲ್ಲಿ ಎದೆಹಾಲು, ಲಸಿಕೆ, ಹೊಕ್ಕುಳಬಳ್ಳಿಯ ಆರೈಕೆ, ಕಾಮಾಲೆಯ ಲಕ್ಷಣ ಎಲ್ಲವೂ ಇದ್ದವು. ಆಸ್ಪತ್ರೆಯಿಂದ ಮನೆಗೆ ಹೋಗುವ ದಾರಿ ಮಾತ್ರ ಯಾವ ಪಾಠದಲ್ಲೂ ಇರಲಿಲ್ಲ.

ಪಾಠ ಸಿಕ್ಕಿದ್ದು ನನ್ನ ಮೊಮ್ಮಗಳಿಂದ. ಅವಳಿಗೆ ಆಗ ನಾಲ್ಕು ತಿಂಗಳು, ಆರು ಕಿಲೋ ತೂಕ. ಮೈಸೂರಿನಿಂದ ಬೆಂಗಳೂರಿಗೆ ಹೊರಟಿದ್ದೆವು. ಅಳಿಯ ಶಿಶು ಆಸನ, ಅಂದರೆ ಮಗುವನ್ನು ಬೆಲ್ಟು ಹಾಕಿ ಮಲಗಿಸಲು ಕಾರಿನ ಸೀಟಿಗೆ ಬಿಗಿಯುವ ಪುಟ್ಟ ಸೀಟು, ಕೊಳ್ಳೋಣ ಎಂದಾಗ ಬೇಡವೆಂದವಳು ನಾನೇ. "ಇಷ್ಟು ಎಳೆಯ ಮಗುವನ್ನು ಬೆಲ್ಟು ಹಾಕಿ ಕಟ್ಟುತ್ತಾರೆಯೇ? ನನ್ನ ಕೈಯಲ್ಲಿರುತ್ತಾಳೆ ಬಿಡಿ" ಎಂದಿದ್ದೆ. ಮದ್ದೂರು ದಾಟುವಷ್ಟರಲ್ಲಿ ಮುಂದಿದ್ದ ಲಾರಿಯೊಂದು ಸೂಚನೆ ಕೊಡದೆ ನಮ್ಮ ಪಥಕ್ಕೆ ತಿರುಗಿತು. ಅಳಿಯ ಬಲವಾಗಿ ಬ್ರೇಕ್ ಹಾಕಿದ. ಡಿಕ್ಕಿಯಾಗಲಿಲ್ಲ, ಕಾರಿಗೆ ಒಂದು ಗೀರೂ ಬೀಳಲಿಲ್ಲ. ಆದರೆ ಮಗು ನನ್ನ ಕೈಯಿಂದ ಜಾರಿ ಮುಂದಿನ ಸೀಟಿನ ಬೆನ್ನಿಗೆ ಬಡಿದು, ನನ್ನ ಪಾದಗಳ ಮೇಲೆ ಬಿದ್ದಳು. ಹೇಗೆ ಜಾರಿದಳು ಎಂಬುದು ನನಗೆ ಇಂದಿಗೂ ತಿಳಿಯದು. ಕೈಗಳು ಮಾತ್ರ ಮೊದಲಿನಂತೆಯೇ ಅಪ್ಪಿದ ಭಂಗಿಯಲ್ಲಿದ್ದವು. ಒಳಗೆ ಮಗು ಇರಲಿಲ್ಲ.

ಹಣೆಯ ಮೇಲೆ ಊತ, ಒಂದು ರಾತ್ರಿ ಆಸ್ಪತ್ರೆಯಲ್ಲಿ ನಿಗಾ, ಅಷ್ಟಕ್ಕೆ ಮುಗಿಯಿತು. ಮೊಮ್ಮಗಳು ಈಗ ಚೆನ್ನಾಗಿ ಓಡಾಡಿಕೊಂಡಿದ್ದಾಳೆ. ಆದರೆ ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ನವಜಾತ ಶಿಶುಗಳನ್ನು ಹಿಡಿಯುವುದನ್ನೇ ಬದುಕು ಮಾಡಿಕೊಂಡ ಕೈಗಳು ಬರೀ ಒಂದು ಬ್ರೇಕಿಗೆ ಸೋತಿದ್ದವು. ನಿಜವಾದ ಡಿಕ್ಕಿಯಾಗಿದ್ದರೆ?

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದವಳು ನಾನು. ಈ ಪತ್ರ ಅದರ ಫಲ.

ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಮೈಯನ್ನು ಮುಂದಕ್ಕೆ ನೂಕುವ ಬಲ ಹೆಚ್ಚೆಂದರೆ ನಮ್ಮ ತೂಕದಷ್ಟೇ ಇರುತ್ತದೆ. ಡಿಕ್ಕಿಯ ಲೆಕ್ಕ ಬೇರೆ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗೋಡೆಗೋ ಮರಕ್ಕೋ ಗುದ್ದಿದರೆ, ಅದರ ಮೂತಿ ಅರವತ್ತು ಸೆಂಟಿಮೀಟರಿನಷ್ಟು ಕುಗ್ಗುವಷ್ಟರಲ್ಲಿ ಎಲ್ಲವೂ ನಿಂತಿರುತ್ತದೆ. ಅದಕ್ಕೆ ಹಿಡಿಯುವ ಸಮಯ ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ. ಆ ಅವಧಿಯಲ್ಲಿ ಆರು ಕಿಲೋ ಮಗುವನ್ನು ಹಿಡಿದು ನಿಲ್ಲಿಸಲು ಸರಾಸರಿ ನೂರು ಕಿಲೋ ತೂಕ ಎತ್ತುವಷ್ಟು ಬಲ ಬೇಕು. ಐವತ್ತು ಕಿಲೋದ ಎರಡು ಅಕ್ಕಿ ಮೂಟೆ, ಮುನ್ಸೂಚನೆ ಇಲ್ಲದೆ, ರೆಪ್ಪೆ ಬಡಿಯುವಷ್ಟರಲ್ಲಿ. ಪೈಲ್ವಾನರ ಕೈಯೂ ಅದನ್ನು ತಡೆಯದು. ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಆ ವೇಗದಲ್ಲಿ ಹಿಡಿತ ತಪ್ಪಿದ ಮಗು ಕಾರಿನ ಒಳಭಾಗಕ್ಕೆ ಅಪ್ಪಳಿಸುವುದು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ತಾರಸಿಯಿಂದ ಬಿದ್ದುದಕ್ಕೆ ಸಮ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಅನುಮತಿ ಇರುವ ವೇಗ ಗಂಟೆಗೆ 100 ಕಿಲೋಮೀಟರ್. ವೇಗ ಎರಡು ಪಟ್ಟಾದರೆ ಎತ್ತರ ನಾಲ್ಕು ಪಟ್ಟಾಗುತ್ತದೆ. ಹದಿಮೂರನೆಯ ಅಂತಸ್ತಿನ ಬಾಲ್ಕನಿಯ ಅಂಚಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡು ಗಂಟೆ ಕುಳಿತುಕೊಳ್ಳುವ ಅಜ್ಜಿ ನಮ್ಮಲ್ಲಿ ಯಾರಾದರೂ ಇದ್ದಾರೆಯೇ?

ಅಜ್ಜಿ ತಾನು ಬೆಲ್ಟ್ ಹಾಕಿಕೊಂಡಿರದಿದ್ದರೆ ಅವಳ ತೂಕವೂ ಮಗುವಿನ ಮೇಲೆಯೇ ಬೀಳುತ್ತದೆ. ತನ್ನನ್ನೂ ಮಗುವನ್ನೂ ಸೇರಿಸಿ ಒಂದೇ ಬೆಲ್ಟ್ ಹಾಕಿಕೊಂಡರೆ ಬೆಲ್ಟಿಗೂ ಅವಳ ಹೊಟ್ಟೆಗೂ ನಡುವೆ ಮಗು ನಲುಗಿ ಹೋಗುತ್ತದೆ. ಬಿಡಿಸಿ ಹೇಳಲು ಮನಸ್ಸು ಒಪ್ಪುವುದಿಲ್ಲ. ಆದರೂ ಹೇಳಬೇಕು, ಏಕೆಂದರೆ "ನನ್ನ ಕೈಯಲ್ಲಿರುತ್ತಾಳೆ ಬಿಡಿ" ಎಂಬ ಮಾತನ್ನು ನಮ್ಮ ರಾಜ್ಯದ ಆಸ್ಪತ್ರೆಗಳ ಬಾಗಿಲಲ್ಲಿ ಇವತ್ತೂ ಯಾರಾದರೂ ಹೇಳುತ್ತಿರುತ್ತಾರೆ.

ಹಾಗಾದರೆ ಶಿಶು ಆಸನ ಮಾಡುವುದೇನು? ನಾನು ಅದನ್ನು ಶುಶ್ರೂಷಕಿಯ ಕಣ್ಣಿನಿಂದಲೇ ನೋಡಿದೆ. ನೋಡಿದಷ್ಟೂ ಅದನ್ನು ರೂಪಿಸಿದವರು ಮಗುವಿನ ಮೈಯನ್ನು ಎಷ್ಟು ಬಲ್ಲವರು ಎನಿಸಿತು.

ನವಜಾತ ಶಿಶುವಿನ ಉದ್ದದಲ್ಲಿ ನಾಲ್ಕರಲ್ಲೊಂದು ಭಾಗ ತಲೆಯೇ. ದೊಡ್ಡವರಲ್ಲಿ ಅದು ಏಳೆಂಟರಲ್ಲೊಂದು ಭಾಗ. ಇಷ್ಟು ಭಾರವಾದ ತಲೆಯನ್ನು ಹೊತ್ತ ಕುತ್ತಿಗೆಯಲ್ಲಿ ಮೂಳೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಕಶೇರುಗಳ ತುಂಡುಗಳು ಮೃದ್ವಸ್ಥಿಯಿಂದ ಕೂಡಿಕೊಂಡಿರುತ್ತವೆ, ಗಟ್ಟಿ ಮೂಳೆಯಾಗಿ ಬೆಸೆಯಲು ವರ್ಷಗಳು ಬೇಕು. ಮಗುವನ್ನು ಮುಂದಕ್ಕೆ ಮುಖ ಮಾಡಿ ಕೂರಿಸಿ ಬೆಲ್ಟ್ ಹಾಕಿದರೆ ಡಿಕ್ಕಿಯಲ್ಲಿ ಎದೆ ಬೆಲ್ಟಿಗೆ ನಿಲ್ಲುತ್ತದೆ, ತಲೆ ನಿಲ್ಲುವುದಿಲ್ಲ. ತಲೆಯ ಅಷ್ಟೂ ಭಾರ ಆ ಎಳೆಯ ಕುತ್ತಿಗೆಯನ್ನು ಜಗ್ಗುತ್ತದೆ. ಬೆನ್ನುಹುರಿ ಅಷ್ಟು ಹಿಗ್ಗುವುದಿಲ್ಲ.

ಆದ್ದರಿಂದ ಶಿಶುವಿನ ಆಸನವನ್ನು ಕಾರಿನ ಹಿಂಬದಿಗೆ ಮುಖ ಮಾಡಿ ಕೂರಿಸುತ್ತಾರೆ. ನೋಡಿದವರಿಗೆ ಇದು ತಲೆಕೆಳಗು ಎನಿಸುತ್ತದೆ. ಕಾರು ಮುಂದಿನಿಂದ ಗುದ್ದಿದಾಗ ಮಗುವಿನ ಮೈ ಮುಂದಕ್ಕೆ, ಅಂದರೆ ತನ್ನ ಬೆನ್ನ ಕಡೆಗೇ ಹೋಗುತ್ತದೆ. ಅಲ್ಲಿ ಆಸನದ ಬಾಗಿದ ಚಿಪ್ಪು ತಲೆ, ಕುತ್ತಿಗೆ, ಬೆನ್ನು, ಸೊಂಟ ಎಲ್ಲವನ್ನೂ ಒಂದೇ ನೇರದಲ್ಲಿ ಒಟ್ಟಿಗೆ ಹಿಡಿಯುತ್ತದೆ. ಯಾವ ಒಂದು ಜಾಗಕ್ಕೂ ಪೂರ್ತಿ ಪೆಟ್ಟು ಬೀಳುವುದಿಲ್ಲ, ಬಲವೆಲ್ಲ ಬೆನ್ನಗಲ ಹಂಚಿಹೋಗುತ್ತದೆ. ನಮ್ಮ ಕಡೆ ಎರೆಯುವ ಅಜ್ಜಿಯರನ್ನು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಜೋಡಿಸಿದ ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಅಂಗಾತ ಮಲಗಿಸಿಕೊಳ್ಳುತ್ತಾರೆ. ತಲೆ ಪಾದಗಳ ಕಡೆ, ಬೆನ್ನು ಮೊಣಕಾಲಿನ ಇಳಿಜಾರಿನಲ್ಲಿ. ಎಷ್ಟು ನೀರು ಹೊಯ್ದರೂ ಮಗುವಿನ ಕುತ್ತಿಗೆ ಒಂದಿಷ್ಟೂ ವಾಲುವುದಿಲ್ಲ. ಆಸನದ ಚಿಪ್ಪು ಮಾಡುವುದೂ ಅದನ್ನೇ.

ಈ ಉಪಾಯ ಹೊಳೆದದ್ದು ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಅವರಿಗೆ. ಅಮೆರಿಕದ ಜೆಮಿನಿ ಗಗನಯಾನಿಗಳಿಗೆಂದು ರೂಪಿಸಿದ, ರಾಕೆಟ್ಟಿನ ನೂಕುಬಲವನ್ನು ಇಡೀ ಬೆನ್ನಿಗೆ ಹಂಚುವ ಆಸನಗಳನ್ನು ಕಂಡು ಅವರು ಹಿಂಬದಿಗೆ ಮುಖ ಮಾಡಿದ ಮಕ್ಕಳ ಆಸನದ ಮೊದಲ ಮಾದರಿಯನ್ನು ಮಾಡಿದರು. 1964ರಲ್ಲಿ ಅದನ್ನು ವೋಲ್ವೊ ಕಾರಿನಲ್ಲಿ ಪರೀಕ್ಷಿಸಿದರು. ಅಂದರೆ ಈ ವಿದ್ಯೆಗೆ ಅರವತ್ತು ವರ್ಷ ಕಳೆದಿದೆ, ಹೊಸದೇನೂ ಅಲ್ಲ.

ಚಿಪ್ಪಿನ ಒಳಗೆ, ಬಟ್ಟೆಯ ಹೊದಿಕೆ ಸರಿಸಿದರೆ, ಥರ್ಮೋಕೋಲಿನಂಥ ಬಿಳಿಯ ನೊರೆಪದರ ಕಾಣುತ್ತದೆ. ಹೆಲ್ಮೆಟ್ಟಿನೊಳಗೆ ಇರುವುದೂ ಅದೇ ಜಾತಿಯದು. ಅದು ನಲುಗುತ್ತಾ ಪೆಟ್ಟನ್ನು ತಾನು ಉಣ್ಣುತ್ತದೆ. ಒಮ್ಮೆ ನಲುಗಿದ ನೊರೆ ಮತ್ತೆ ಉಬ್ಬುವುದಿಲ್ಲವಾದ್ದರಿಂದ, ದೊಡ್ಡ ಅಪಘಾತ ಕಂಡ ಆಸನವನ್ನು ಮತ್ತೆ ಬಳಸಬಾರದು. ತಲೆಯ ಎರಡೂ ಬದಿಗೆ ಚಾಚಿದ ರೆಕ್ಕೆಗಳು ಪಕ್ಕದಿಂದ ಬೀಳುವ ಪೆಟ್ಟಿಗೆ. ಯುರೋಪಿನಲ್ಲಿ 2013ರಿಂದ ಜಾರಿಗೆ ಬಂದ ವಿಶ್ವಸಂಸ್ಥೆಯ 129ನೇ ನಿಯಮಾವಳಿ ಪಕ್ಕದ ಡಿಕ್ಕಿಯ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಹದಿನೈದು ತಿಂಗಳು ತುಂಬುವವರೆಗೆ ಮಗು ಹಿಂಬದಿಗೇ ಮುಖ ಮಾಡಿರಬೇಕು ಎಂದೂ ಹೇಳಿತು. ಆಸನ ಅನುಮತಿಸುವಷ್ಟು ಕಾಲ ಹಾಗೆಯೇ ಕೂರಿಸಿ ಎನ್ನುತ್ತಾರೆ ಅಮೆರಿಕದ ಮಕ್ಕಳ ವೈದ್ಯರು. ನಮ್ಮಲ್ಲಿ ಮಗು ಐದಾರು ತಿಂಗಳಿಗೆ ಗಟ್ಟಿಯಾಗಿ ಕುಳಿತ ಕೂಡಲೇ "ಪಾಪ, ರಸ್ತೆ ನೋಡಲಿ" ಎಂದು ತಿರುಗಿಸಿಬಿಡುತ್ತಾರೆ. ಕೂರಲು ಬಂದ ಮಾತ್ರಕ್ಕೆ ಕುತ್ತಿಗೆಯ ಮೂಳೆ ಬಲಿತಿರುವುದಿಲ್ಲ.

ಬೆಲ್ಟಿನ ಮಾತಿಗೆ ಬರುತ್ತೇನೆ. ಐದು ಕಡೆ ಹಿಡಿಯುವ ಬೆಲ್ಟ್ ಅದು: ಭುಜಕ್ಕೆ ಎರಡು, ಸೊಂಟಕ್ಕೆ ಎರಡು, ಕಾಲುಗಳ ನಡುವೆ ಒಂದು. ಮಗುವಿನ ಹೊಟ್ಟೆ ಮೆತ್ತಗೆ, ಪಕ್ಕೆಲುಬು ಮಣಿಯುವಂಥದ್ದು. ಅದಕ್ಕೇ ಬಲವನ್ನು ಭುಜ ಮತ್ತು ಸೊಂಟದ ಮೂಳೆಗಳಿಗೆ ಹಂಚುತ್ತಾರೆ. ಕಾಲ ನಡುವಿನ ಪಟ್ಟಿ ಇಲ್ಲದಿದ್ದರೆ ಮಗು ಕೆಳಕ್ಕೆ ಜಾರಿ ಬೆಲ್ಟ್ ಹೊಟ್ಟೆಗೋ ಕೊರಳಿಗೋ ಬಂದುಬಿಡುತ್ತದೆ. ಹಿಂಬದಿಗೆ ಮುಖ ಮಾಡಿದ ಆಸನದಲ್ಲಿ ಭುಜದ ಪಟ್ಟಿ ಮಗುವಿನ ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ಸ್ವಲ್ಪ ಕೆಳಗಿನಿಂದ ಹೊರಡಬೇಕು.

ಮೊಮ್ಮಗಳನ್ನು ಮೊದಲ ಸಲ ಆಸನದಲ್ಲಿ ಮಲಗಿಸಿದ ದಿನ ನನ್ನ ಕೈಗಳು ಮತ್ತೆ ಹೊಸದಾಗಿ ಕೆಲಸ ಕಲಿತವು. ರೂಢಿಯಂತೆ ಬಿಗಿಯಾಗಿ ಬಟ್ಟೆ ಸುತ್ತಿ ಇಟ್ಟೆ. ಕಾಲು ಎರಡೂ ಒಟ್ಟಾಗಿ ಸುತ್ತಿದ್ದರಿಂದ ನಡುವಿನ ಪಟ್ಟಿ ಹೋಗಲು ಜಾಗವೇ ಇಲ್ಲ. ಬಿಚ್ಚಿದೆ. ಉಣ್ಣೆಯ ದಪ್ಪ ಸ್ವೆಟರ್ ಹಾಕಿ ಬೆಲ್ಟ್ ಎಳೆದೆ, ಬಿಗಿಯಾಗಿದೆ ಎನಿಸಿತು. ಮಗಳು "ಅಮ್ಮ, ಸ್ವೆಟರ್ ತೆಗೆದು ನೋಡು" ಎಂದಳು. ಬೆಲ್ಟಿನ ಅಳತೆ ಬದಲಿಸದೆ ಸ್ವೆಟರ್ ತೆಗೆದು ಮತ್ತೆ ಮಲಗಿಸಿದಾಗ ಭುಜದ ಪಟ್ಟಿಯ ಕೆಳಗೆ ನನ್ನ ಮೂರು ಬೆರಳು ಸಲೀಸಾಗಿ ಹೋದವು. ಡಿಕ್ಕಿಯಲ್ಲಿ ಉಣ್ಣೆ ಚಪ್ಪಟೆಯಾಗುತ್ತದೆ, ಆ ಮೂರು ಬೆರಳಿನ ಸಡಿಲದಲ್ಲಿ ಮಗು ಹಾರಿಹೋಗುತ್ತದೆ. ಸರಿಯಾದ ಕ್ರಮ ಇಷ್ಟೇ: ತೆಳು ಬಟ್ಟೆ ತೊಡಿಸಿ, ಬೆಲ್ಟ್ ಎಳೆದು, ಭುಜದ ಬಳಿ ಪಟ್ಟಿಯನ್ನು ಹೆಬ್ಬೆರಳು ತೋರುಬೆರಳಿನಿಂದ ಚಿವುಟಿ ನೋಡಬೇಕು. ಮಡಿಕೆ ಸಿಕ್ಕಿದರೆ ಸಡಿಲ, ಬೆರಳು ಜಾರಿದರೆ ಸರಿ. ಚಳಿಯಿದ್ದರೆ ದುಪ್ಪಟಿಯನ್ನು ಬೆಲ್ಟಿನ ಮೇಲೆ ಹೊದಿಸಿದರಾಯಿತು.

ಅವತ್ತು ನನ್ನ ಗಮನ ಹೆಚ್ಚು ಹೋದದ್ದು ಮಗುವಿನ ಗಲ್ಲದ ಕಡೆಗೆ. ನವಜಾತ ಶಿಶುವನ್ನು ನೆಟ್ಟಗೆ ಕೂರಿಸಿದರೆ ತಲೆ ಮುಂದಕ್ಕೆ ಬಿದ್ದು ಗಲ್ಲ ಎದೆಗೆ ತಾಗುತ್ತದೆ, ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಅದಕ್ಕೆಂದೇ ಎಳೆಗೂಸಿನ ಆಸನ ಸುಮಾರು 45 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಅನೇಕ ಆಸನಗಳ ಬದಿಯಲ್ಲಿ ಸರಿಯಾದ ವಾಲಿಕೆ ತೋರಿಸುವ ಗೆರೆಯೋ ಗುಳ್ಳೆಯೋ ಇರುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳನ್ನು ಅಮೆರಿಕದ ಆಸ್ಪತ್ರೆಗಳಲ್ಲಿ ಮನೆಗೆ ಕಳುಹಿಸುವ ಮೊದಲು ಆಸನದಲ್ಲಿ ಕೂರಿಸಿ ಉಸಿರಾಟ, ಹೃದಯ ಬಡಿತ, ಆಮ್ಲಜನಕದ ಮಟ್ಟ ನೋಡುವ ಪದ್ಧತಿ ಇದೆ. ಆರೋಗ್ಯ ಸಚಿವರ ಗಮನಕ್ಕೆ ಇದನ್ನು ವಿಶೇಷವಾಗಿ ತರುತ್ತಿದ್ದೇನೆ, ಏಕೆಂದರೆ ಕಡಿಮೆ ತೂಕದ ಮಕ್ಕಳು ನಮ್ಮಲ್ಲಿ ಬಹಳ. ಅದೇ ಕಾರಣಕ್ಕೆ, ಮನೆ ತಲುಪಿದ ಮೇಲೆ ಮಗುವನ್ನು ಆಸನದಲ್ಲೇ ಮಲಗಲು ಬಿಡಬಾರದು. ದೂರದ ಪ್ರಯಾಣದಲ್ಲಿ ನಡುನಡುವೆ ನಿಲ್ಲಿಸಿ ಎತ್ತಿಕೊಳ್ಳಬೇಕು. ಮಗು ಹಸಿದು ಅತ್ತರೆ ಕಾರು ನಿಲ್ಲಿಸಿ ಹಾಲು ಕೊಡಬೇಕು, ಓಡುವ ಕಾರಿನಲ್ಲಿ ಎತ್ತಿಕೊಳ್ಳಬಾರದು.

ಇಷ್ಟೆಲ್ಲ ಇದ್ದರೂ ಆಸನ ಕಾರಿಗೆ ಭದ್ರವಾಗಿ ಬೆಸೆದಿರದಿದ್ದರೆ ವ್ಯರ್ಥ. ಇತ್ತೀಚಿನ ಹೆಚ್ಚಿನ ಕಾರುಗಳ ಹಿಂದಿನ ಸೀಟಿನ ಸಂದಿಯಲ್ಲಿ ಎರಡು ಉಕ್ಕಿನ ಕೊಂಡಿಗಳು ಇರುತ್ತವೆ. ಐಸೋಫಿಕ್ಸ್ ಎಂದು ಕರೆಯುತ್ತಾರೆ. ಆಸನದ ತಳದ ಕೊಕ್ಕೆ ಅಲ್ಲಿ 'ಕಟ್' ಎಂದು ಕೂತಾಗ ಕೆಂಪು ಗುರುತು ಹಸಿರಾಗುತ್ತದೆ. ಕೊಂಡಿ ಇಲ್ಲದ ಕಾರಿನಲ್ಲಿ ಕಾರಿನದೇ ಸೀಟ್ ಬೆಲ್ಟಿನಿಂದ ಕಟ್ಟಬಹುದು, ಆದರೆ ಕಂಪನಿ ತೋರಿಸಿದ ದಾರಿಯಲ್ಲೇ ಬೆಲ್ಟ್ ಹಾಯಬೇಕು. ಕಟ್ಟಿದ ಮೇಲೆ ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಕದಲಬಾರದು. ಕೆಲವು ಆಸನಗಳ ತಳದಿಂದ ಕಾರಿನ ನೆಲಕ್ಕೆ ಒಂದು ಕಾಲು ಊರಿರುತ್ತದೆ, ಅದು ಗುದ್ದಿದ ಕ್ಷಣ ಆಸನ ಮುಗ್ಗರಿಸದಂತೆ ತಡೆಯುತ್ತದೆ. ಗುದ್ದಿ ವಾಪಸು ಪುಟಿಯುವಾಗ ತಡೆಯಲು ಇನ್ನೊಂದು ಅಡ್ಡಪಟ್ಟಿ ಇರುವುದೂ ಉಂಟು.

ಮುಂದಿನ ಸೀಟಿನ ವಿಷಯ ಒತ್ತಿ ಹೇಳಬೇಕು. ಬಾಣಂತಿಗೆ ಹಿಂದೆ ಆರಾಮವಾಗಿ ಮಲಗಲು ಜಾಗ ಬಿಟ್ಟು, ಮಗುವನ್ನು ಎತ್ತಿಕೊಂಡ ಅಜ್ಜಿಯೋ ಅತ್ತೆಯೋ ಮುಂದೆ ಕೂರುವುದು ನಮ್ಮ ರೂಢಿ. ನಮ್ಮ ದೇಶದಲ್ಲಿ 2019ರಿಂದ ಚಾಲಕನ ಬದಿಗೆ, 2021ರಿಂದ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವಾಗುತ್ತಾ ಬಂತು. ಬೆಲ್ಟ್ ಹಾಕಿದ ದೊಡ್ಡವರಿಗೆ ಅದು ರಕ್ಷೆ. ಆದರೆ ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದಷ್ಟು ಸಮಯದಲ್ಲಿ ಸಿಡಿದು ಉಬ್ಬುವ ಆ ಚೀಲದ ಮುಂದೆ ಕೂಸಿನ ತಲೆ ಇದ್ದರೆ ಅದೇ ಮೃತ್ಯು. ಹಿಂಬದಿಗೆ ಮುಖ ಮಾಡಿದ ಆಸನವನ್ನೂ ಚಾಲೂ ಇರುವ ಏರ್‌ಬ್ಯಾಗಿನ ಮುಂದೆ ಇಡಲೇಬಾರದು. ಅಮೆರಿಕದಲ್ಲಿ 1990ರ ದಶಕದಲ್ಲಿ ಹಾಗೆ ಶಿಶುಗಳು ಸತ್ತ ಮೇಲೆ ಕಾರಿನ ಬಿಸಿಲು ಮರೆಯ ಮೇಲೆ ಎಚ್ಚರಿಕೆಯ ಚೀಟಿ ಬಂತು. ನಮ್ಮ ಕಾರುಗಳಲ್ಲೂ ಆ ಚೀಟಿ ಇದೆ. ಅದರ ಮೇಲೆ ಇರುವ ಚಿತ್ರ ಏನೆಂದು ಎಷ್ಟು ಮನೆಗಳಲ್ಲಿ ಗೊತ್ತಿದೆ?

ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಸಂಸ್ಥೆಯ ಲೆಕ್ಕದ ಪ್ರಕಾರ ಸರಿಯಾಗಿ ಬಳಸಿದ ಆಸನ ಕಾರುಗಳಲ್ಲಿ ಒಂದು ವರ್ಷದೊಳಗಿನ ಶಿಶುಗಳ ಸಾವಿನ ಅಪಾಯವನ್ನು ಶೇ 71ರಷ್ಟು, ಒಂದರಿಂದ ನಾಲ್ಕು ವರ್ಷದವರಲ್ಲಿ ಶೇ 54ರಷ್ಟು ತಗ್ಗಿಸುತ್ತದೆ. ಲಸಿಕೆಗೆ ನಾವು ಕೊಡುವ ಗೌರವಕ್ಕೆ ಅರ್ಹವಾದ ಸಂಖ್ಯೆ ಇದು.

ಮಾನ್ಯರೇ, ಕಾನೂನು ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ 194ಬಿ ಕಲಮು ಸ್ಪಷ್ಟವಾಗಿದೆ: ಹದಿನಾಲ್ಕು ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನ ಇಲ್ಲದೆ ಕರೆದೊಯ್ದರೆ ಒಂದು ಸಾವಿರ ರೂಪಾಯಿ ದಂಡ. ಅದು ಜಾರಿಯಾದದ್ದು ಅದೇ ವರ್ಷದ ಸೆಪ್ಟೆಂಬರ್ 1ರಂದು. ಆಸನಗಳಿಗೆ ಎಐಎಸ್ 072 ಎಂಬ ಭಾರತೀಯ ಮಾನದಂಡವೂ ಇದೆ. ದ್ವಿಚಕ್ರ ವಾಹನದಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸುರಕ್ಷಾ ಪಟ್ಟಿ, ಅವರಲ್ಲಿ ಒಂಬತ್ತು ತಿಂಗಳು ದಾಟಿದವರಿಗೆ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮಿತಿ ಎಂಬ ನಿಯಮ 2022ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಬಹುಪಾಲು ಕೂಸುಗಳು ಸ್ಕೂಟರಿನಲ್ಲಿ, ಆಟೊದಲ್ಲಿ ಮನೆ ಸೇರುತ್ತವೆ ಎಂಬುದು ನನಗೆ ಗೊತ್ತು. ಅದು ಇನ್ನೊಂದು ಪತ್ರಕ್ಕೆ ತಕ್ಕ ದೊಡ್ಡ ವಿಷಯ. ಇಲ್ಲಿ ಕಾರಿನ ಮಾತನ್ನಷ್ಟೇ ಆಡುತ್ತಿದ್ದೇನೆ, ಏಕೆಂದರೆ ಪರಿಹಾರ ಕೈಗೆಟಕುವಷ್ಟು ಹತ್ತಿರ ಇದ್ದೂ ನಾವು ಕೈ ಚಾಚಿಲ್ಲ.

ಕಾರಿನ ಸುರಕ್ಷತೆಗೆ ಕೊಡುವ ನಕ್ಷತ್ರಗಳ ವಿಷಯದಲ್ಲಿ ಜನರಿಗೆ ಗೊತ್ತಾಗಬೇಕಾದ ಒಂದು ಸಂಗತಿ ಇದೆ. 2023ರ ಅಕ್ಟೋಬರಿನಿಂದ ಭಾರತ್ ಎನ್‌ಸಿಎಪಿ ಎಂಬ ಸರ್ಕಾರಿ ಪರೀಕ್ಷಾ ಯೋಜನೆ ಕಾರುಗಳನ್ನು ಗುದ್ದಿಸಿ ಅಂಕ, ನಕ್ಷತ್ರ ಕೊಡುತ್ತಿದೆ. ಮಕ್ಕಳ ಸುರಕ್ಷತೆಗೆ 49 ಅಂಕ. ಅದಕ್ಕಾಗಿ ಹದಿನೆಂಟು ತಿಂಗಳ ಮತ್ತು ಮೂರು ವರ್ಷದ ಮಗುವಿನ ಗಾತ್ರದ ಬೊಂಬೆಗಳನ್ನು ಕಾರಿನಲ್ಲಿ ಕೂರಿಸುತ್ತಾರೆ. ಯಾರ ತೊಡೆಯ ಮೇಲೂ ಅಲ್ಲ, ಸರಿಯಾಗಿ ಜೋಡಿಸಿದ ಮಕ್ಕಳ ಆಸನದಲ್ಲಿ. ಆಸನ ಎಷ್ಟು ಚೆನ್ನಾಗಿ ಕೂರುತ್ತದೆ ಎಂಬುದಕ್ಕೇ ಪ್ರತ್ಯೇಕ 12 ಅಂಕ ಇದೆ. ಅಪ್ಪ ಅಮ್ಮ ಐದು ನಕ್ಷತ್ರ ನೋಡಿ ಸಾಲ ಮಾಡಿ ಕಾರು ಕೊಳ್ಳುತ್ತಾರೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊರಡುತ್ತಾರೆ. ಮಗುವಿಗೆ ಸಂಬಂಧಿಸಿದ ನಕ್ಷತ್ರಗಳು ಆ ಕ್ಷಣವೇ ಅಳಿಸಿಹೋಗುತ್ತವೆ. ಕಾರಿನ ಕೀಲಿಕೈ ಕೊಡುವಾಗ ತೆಂಗಿನಕಾಯಿ ಒಡೆಸಿ ಫೋಟೊ ತೆಗೆಯುವ ಮಳಿಗೆಯವರು ಈ ಒಂದು ಮಾತು ಹೇಳಬೇಕು ಎಂದು ಸಾರಿಗೆ ಇಲಾಖೆ ಸೂಚಿಸಬಹುದಲ್ಲವೇ?

ಹಾಗೆಂದು ನಾಳೆಯಿಂದಲೇ ದಂಡ ಹಾಕಿ ಎಂದು ನಾನು ಕೇಳುತ್ತಿಲ್ಲ. ನೆರೆಯ ಕೇರಳದಲ್ಲಿ 2024ರ ಅಕ್ಟೋಬರಿನಲ್ಲಿ ಸಾರಿಗೆ ಆಯುಕ್ತರು ಮಕ್ಕಳ ಆಸನ ಕಡ್ಡಾಯ, ಡಿಸೆಂಬರಿನಿಂದ ದಂಡ ಎಂದು ಪ್ರಕಟಿಸಿದರು. ವಿರೋಧ ಬಂತು, ಸಾರಿಗೆ ಸಚಿವರೇ ಅದನ್ನು ಜಾರಿ ಮಾಡುವುದಿಲ್ಲ ಎಂದು ಹಿಂದೆ ಸರಿಸಿದರು. ಕಲಿಸುವ ಮೊದಲು ದಂಡದ ಮಾತು ಬಂದರೆ ಜನರಿಗೆ ಅದು ಸುಲಿಗೆ ಎನಿಸುತ್ತದೆ. ಮಡಿಲು ಎಂದರೆ ನಮಗೆ ಬರೀ ತೊಡೆಯಲ್ಲ. ಮಡಿಲು ತುಂಬಿ ಕಳುಹಿಸುವ ನಾಡು ಇದು. ಅದು ಮಗುವಿಗೆ ಸಾಲದು ಎಂದು ದಂಡದ ಚೀಟಿಯಲ್ಲಿ ಬರೆದರೆ ಯಾವ ಅಜ್ಜಿಯೂ ಒಪ್ಪುವುದಿಲ್ಲ. ವಾರ್ಡಿನಲ್ಲಿ, ಅವಳ ಮೊಮ್ಮಗುವನ್ನು ಕೈಯಲ್ಲಿ ಹಿಡಿದ ಸಿಸ್ಟರ್ ಹೇಳಿದರೆ ಒಪ್ಪುತ್ತಾಳೆ.

ಅಮೆರಿಕದ ಟೆನೆಸೀ ರಾಜ್ಯದಲ್ಲೂ ಇದೇ ಮಡಿಲಿನ ಜಗ್ಗಾಟ ನಡೆದಿತ್ತು. ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಅವರ ಒತ್ತಾಯದಿಂದ 1978ರಲ್ಲಿ ಆ ದೇಶದ ಮೊದಲ ಮಕ್ಕಳ ಆಸನ ಕಾನೂನು ಅಲ್ಲಿ ಜಾರಿಗೆ ಬಂತು. ಆದರೆ ಮಗುವನ್ನು ಯಾರಾದರೂ ದೊಡ್ಡವರು ಕೈಯಲ್ಲಿ ಎತ್ತಿಕೊಂಡಿದ್ದರೆ ಆಸನ ಬೇಡ ಎಂಬ ವಿನಾಯಿತಿಯೂ ಅದರಲ್ಲಿ ಸೇರಿಕೊಂಡಿತು. ಮಗುವನ್ನು ಜಜ್ಜುವ ತಿದ್ದುಪಡಿ ಎಂದೇ ಸ್ಯಾಂಡರ್ಸ್ ಅದನ್ನು ಕರೆದರು. ಅದನ್ನು ತೆಗೆಸಲು ಅವರಿಗೆ 1981ರವರೆಗೆ ಕಾಯಬೇಕಾಯಿತು. ಆ ದೇಶದಲ್ಲಿ ಈಗ ಹೆರಿಗೆಯಾದ ನಮ್ಮ ಕನ್ನಡದ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಆಸನ ತಂದಿದ್ದೀರಾ ಎಂದು ಕೇಳದೆ ಆಸ್ಪತ್ರೆಯವರು ಮಗುವನ್ನು ಕಾರಿಗೆ ಕಳುಹಿಸುವುದಿಲ್ಲ. ಅದೇ ಮಗು ಅಜ್ಜಿಯ ಮನೆಗೆಂದು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದು ಟ್ಯಾಕ್ಸಿ ಹತ್ತಿದ ಕೂಡಲೇ ತೊಡೆಗೆ ಬರುತ್ತದೆ. ನನ್ನ ತಂಗಿಯ ಮಗಳೂ ಹಾಗೆಯೇ ಬಂದಳು. "ಇಲ್ಲಿ ಯಾರೂ ಕೇಳುವುದಿಲ್ಲವಲ್ಲ ದೊಡ್ಡಮ್ಮ" ಎಂದಳು.

ಕೇಳುವವರು ನಾವಾಗಬೇಕು. ಅದಕ್ಕೆ ಬೇಕಾದ ಏರ್ಪಾಡು ನಿಮ್ಮ ಕೈಯಲ್ಲೇ ಇದೆ. ಸರ್ಕಾರಿ ಆಸ್ಪತ್ರೆಯಿಂದ ಬಾಣಂತಿಯನ್ನೂ ಮಗುವನ್ನೂ ಮನೆಗೆ ಬಿಡಲು ನಮ್ಮ ರಾಜ್ಯ 'ನಗು-ಮಗು' ವಾಹನಗಳನ್ನು ಓಡಿಸಿತು. ಎಷ್ಟು ಚಂದದ ಹೆಸರು, ಎಷ್ಟು ಒಳ್ಳೆಯ ಯೋಚನೆ. ಬಾಣಂತಿಯರನ್ನು ಮನೆಗೆ ಬಿಡುವ ಪ್ರತಿಯೊಂದು ಸರ್ಕಾರಿ ವಾಹನದಲ್ಲೂ ಹಿಂಬದಿಗೆ ಮುಖ ಮಾಡಿದ ಒಂದು ಶಿಶು ಆಸನ ಇರಲಿ, ಚಾಲಕನಿಗೆ ಅದನ್ನು ಬಿಗಿಯಲು ಬರಲಿ. ತಾಯಿ ಕಾರ್ಡಿನಲ್ಲಿ ಲಸಿಕೆಗೆ ಪುಟ ಇರುವಂತೆ ಮನೆಗೆ ಹೋಗುವ ದಾರಿಗೆ ಒಂದು ಪುಟ ಇರಲಿ, ಚಿತ್ರದೊಂದಿಗೆ. ಖಾಸಗಿ ಹೆರಿಗೆ ಆಸ್ಪತ್ರೆಗಳು ಬಿಡುಗಡೆಯ ಪತ್ರದಲ್ಲಿ "ಮಗು ಯಾವ ವಾಹನದಲ್ಲಿ, ಹೇಗೆ ಹೋಗುತ್ತಿದೆ" ಎಂಬ ಒಂದು ಸಾಲು ತುಂಬುವಂತಾಗಲಿ. ಆ ಒಂದು ಸಾಲು ಸಿಸ್ಟರ್ ಬಾಯಿ ತೆರೆಸುತ್ತದೆ.

ದುಡ್ಡಿನ ಮಾತೂ ನಿಜ. ಆಸನಕ್ಕೆ ಸಾವಿರಾರು ರೂಪಾಯಿ ಬೇಕು, ಶಿಶುವಿನ ಗಾತ್ರದ್ದು ಒಂದು ವರ್ಷಕ್ಕೆಲ್ಲ ಚಿಕ್ಕದಾಗುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಗ್ರಂಥಾಲಯದಂತೆ ಎರವಲು ಕೊಡುವ ವ್ಯವಸ್ಥೆ ಮಾಡಬಹುದು. ಅಪಘಾತ ಕಂಡಿಲ್ಲ, ಅವಧಿ ಮೀರಿಲ್ಲ ಎಂದು ನೋಡಿ ದಾಖಲೆ ಇಡಲು ಒಬ್ಬ ಸಿಬ್ಬಂದಿ ಸಾಕು. ಟ್ಯಾಕ್ಸಿ ಕಂಪನಿಗಳು ಆಸನ ಇರುವ ಕಾರನ್ನು ಆರಿಸಿಕೊಳ್ಳುವ ಅವಕಾಶ ಕೊಡಲಿ. ನಾಮಕರಣಕ್ಕೆ ಬೆಳ್ಳಿ ಬಟ್ಟಲು ತರುವ ನೆಂಟರು ನಾಲ್ವರು ಸೇರಿದರೆ ಒಂದು ಆಸನ ಬರುತ್ತದೆ. ಅದನ್ನು ನಾಮಕರಣದವರೆಗೆ ಕಾಯದೆ ಸೀಮಂತಕ್ಕೇ ಕೊಟ್ಟರೆ ಇನ್ನೂ ಒಳ್ಳೆಯದು. ನಮ್ಮ ಬೀದಿಯಲ್ಲಿ ಮೂರು ಮನೆಯವರು ಹಾಗೆ ಮಾಡಿದ್ದಾರೆ.

ನನ್ನ ಕಡೆಯಿಂದ ಒಂದು ವಿನಂತಿ. ಗುರುವಾರ ಲಸಿಕೆಯ ದಿನ, ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದು ಸಾಲಿನಲ್ಲಿ ಕುಳಿತಿರುತ್ತಾರೆ, ಜೊತೆಯಲ್ಲಿ ಅಜ್ಜಿಯರೂ ಇರುತ್ತಾರೆ. ಮೊಮ್ಮಗಳಿಗೆ ಚಿಕ್ಕದಾದ ಆಸನ ನಮ್ಮ ಮನೆಯಲ್ಲಿದೆ. ಅದನ್ನೂ, ತರಬೇತಿಗೆ ಬಳಸುವಂಥ ಮೂರು ಕಿಲೋ ತೂಕದ ಒಂದು ಬೊಂಬೆಯನ್ನೂ ತೆಗೆದುಕೊಂಡು ಮೈಸೂರು ಜಿಲ್ಲೆಯ ಯಾವ ಆರೋಗ್ಯ ಕೇಂದ್ರಕ್ಕೆ ಕರೆದರೂ ಬರುತ್ತೇನೆ. ಬೊಂಬೆಯನ್ನು ಮಲಗಿಸಿ, ಪಟ್ಟಿ ಎಳೆದು, ಭುಜದ ಬಳಿ ಚಿವುಟಿ ನೋಡುವುದನ್ನು ಪ್ರತಿಯೊಬ್ಬ ಅಜ್ಜಿಯ ಕೈಯಿಂದಲೂ ಮಾಡಿಸುತ್ತೇನೆ. ಒಬ್ಬರಿಗೆ ಐದು ನಿಮಿಷ ಬೇಕಾಗುತ್ತದೆ. ಅನುಮತಿಯ ಪತ್ರ ಒಂದನ್ನು ಕಳುಹಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಕಿ, ಮೈಸೂರು